ಲಸಿಕೆಯ ಜೊತೆಗೊಂದು ಚಿತ್ರಪುಸ್ತಕ

ಮಗು ಎರಡನೆಯ ತರಗತಿ ಮುಗಿಸಿರುತ್ತದೆ. ವರ್ಣಮಾಲೆ ಬರುತ್ತದೆ, ಕಾಗುಣಿತವನ್ನು ಗಟ್ಟಿಯಾಗಿ ಒಪ್ಪಿಸುತ್ತದೆ. ಆದರೆ ಪಾಠದ ನಾಲ್ಕು ಸಾಲು ಓದು ಎಂದರೆ ಅಕ್ಷರ ಅಕ್ಷರಕ್ಕೂ ಬೆರಳಿಟ್ಟು ಎಳೆಯತೊಡಗುತ್ತದೆ. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಆರಂಭದಲ್ಲಿ ಓದಿದ್ದು ಮರೆತುಹೋಗಿರುತ್ತದೆ. ಏನು ಓದಿದೆ ಎಂದು ಕೇಳಿದರೆ ಸುಮ್ಮನೆ ನಿಲ್ಲುತ್ತದೆ. ಮನೆಯವರು ಶಾಲೆಯನ್ನು ದೂರುತ್ತಾರೆ, ಶಾಲೆಯವರು ಮನೆಯನ್ನು ದೂರುತ್ತಾರೆ, ಇಬ್ಬರೂ ಸೇರಿ ಮೊಬೈಲನ್ನು ದೂರುತ್ತಾರೆ. ಇದು ಯಾವುದೋ ಒಂದೆರಡು ಮನೆಯ ಕಥೆಯಲ್ಲ. ಪ್ರಥಮ್ ಸಂಸ್ಥೆ ನಡೆಸಿದ 2024ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಐದನೆಯ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೆಯ ತರಗತಿಯ ಪಠ್ಯವನ್ನು ಸರಾಗವಾಗಿ ಓದಲು ಬರುವುದಿಲ್ಲ. ನಾವು ಇದಕ್ಕೆ ಮದ್ದು ಹುಡುಕುವುದು ಆರನೆಯ, ಏಳನೆಯ ವರ್ಷದಲ್ಲಿ, ಟ್ಯೂಷನ್ನಿನಲ್ಲಿ, ಕಾಪಿ ಪುಸ್ತಕದಲ್ಲಿ. ಓದಿನ ಬುನಾದಿ ಬೀಳುವುದಾದರೋ ಮೊದಲ ಮೂರು ವರ್ಷಗಳಲ್ಲಿ. ಆ ವಯಸ್ಸಿನ ಮಗುವನ್ನು ಶಾಲೆ ನೋಡಿಯೇ ಇರುವುದಿಲ್ಲ. ಮತ್ತೆ ಮತ್ತೆ ನೋಡುವವರು ಮಕ್ಕಳ ವೈದ್ಯರು, ಲಸಿಕೆ ಹಾಕುವ ನರ್ಸ್, ಆಶಾ ಕಾರ್ಯಕರ್ತೆ. ಹಾಗಾಗಿ ಓದಿನ ಮೊದಲ ಸಲಹೆ ಬರಬೇಕಾದ್ದು ಆಸ್ಪತ್ರೆಯಿಂದ ಎಂಬುದು ಈ ಲೇಖನದ ವಾದ. ಅದು ತಾನಾಗಿ ಬಾರದಿದ್ದರೆ ನೀವೇ ಕೇಳಿ ಪಡೆಯಬೇಕು, ಮನೆಯಲ್ಲಿ ನೀವೇ ಶುರುಮಾಡಬೇಕು. ಹೇಗೆ ಎಂಬುದು ಮುಂದಿದೆ.

ಅಕ್ಷರಕ್ಕೂ ಮೊದಲು ಏನಿದೆ?

ಓದುವುದರಲ್ಲಿ ಎರಡು ಕೆಲಸಗಳಿವೆ. ಬರಹವನ್ನು ಸದ್ದಾಗಿ ಬಿಡಿಸಿಕೊಳ್ಳುವುದು ಒಂದು, ಆ ಸದ್ದು ಯಾವ ಮಾತು, ಅದರ ಅರ್ಥವೇನು ಎಂದು ಹಿಡಿಯುವುದು ಇನ್ನೊಂದು. ಮೊದಲನೆಯದನ್ನು ಶಾಲೆ ಕಲಿಸಬಲ್ಲದು. ಎರಡನೆಯದಕ್ಕೆ ಬೇಕಾದ ಮಾತಿನ ಗಂಟು ಶಾಲೆಗೆ ಸೇರುವ ಮೊದಲೇ ಮಗುವಿನಲ್ಲಿ ಕೂಡಿಕೊಂಡಿರಬೇಕು. ಕನ್ನಡದ ಮಕ್ಕಳಿಗಂತೂ ಇದು ಇನ್ನೂ ಮುಖ್ಯ. ಸ್ವರ, ವ್ಯಂಜನ, ಒಂದೊಂದು ವ್ಯಂಜನಕ್ಕೂ ಕಾಗುಣಿತದ ಒಂದು ಸಾಲು, ಅದರ ಮೇಲೆ ಒತ್ತಕ್ಷರ, ಎಲ್ಲ ಸೇರಿ ನಮ್ಮ ಲಿಪಿಯಲ್ಲಿ ಮಗು ಗುರುತಿಸಬೇಕಾದ ರೂಪಗಳು ನಾನೂರು ದಾಟುತ್ತವೆ. ಕನ್ನಡ ಮಕ್ಕಳ ಓದಿನ ಬಗ್ಗೆ ಸಂಶೋಧನೆ ನಡೆಸಿದ ಸೊನಾಲಿ ನಾಗ್ ಅವರ 2007ರ ಅಧ್ಯಯನ, ಈ ಅಕ್ಷರ ಕಲಿಕೆ ನಾಲ್ಕನೆಯ ತರಗತಿಯವರೆಗೂ ನಡೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಇಷ್ಟು ದೀರ್ಘ ಕಾಲ ಅಕ್ಷರದ ಜೊತೆ ಗುದ್ದಾಡುವ ಮಗುವಿಗೆ ಆಸರೆ ಯಾವುದು? ಗೊತ್ತಿರುವ ಮಾತು. ‘ಹಳ್ಳ’ ಎಂಬ ಪದವನ್ನು ಹತ್ತಾರು ಸಲ ಕೇಳಿ ಬಲ್ಲ ಮಗು ಒತ್ತಕ್ಷರ ಪೂರ್ತಿ ಹಿಡಿತಕ್ಕೆ ಸಿಗದಿದ್ದರೂ ಸಂದರ್ಭ ನೋಡಿ ಅದನ್ನು ಓದಿಕೊಳ್ಳುತ್ತದೆ. ಕೇಳಿಯೇ ಇಲ್ಲದ ಮಗುವಿಗೆ ಅಕ್ಷರ ಬಿಡಿಸಿದ ಮೇಲೂ ಅದು ಬರೀ ಸದ್ದು.

ಇದರ ಜೊತೆಗೆ ಆಡುಮಾತು ಮತ್ತು ಪುಸ್ತಕದ ಮಾತಿನ ಅಂತರ ಬೇರೆ. ಮನೆಯಲ್ಲಿ ‘ಬರ್ತೈತಿ’ ಎನ್ನುವ ಧಾರವಾಡದ ಮಗುವೂ ‘ಬತ್ತದ’ ಎನ್ನುವ ಚಾಮರಾಜನಗರದ ಮಗುವೂ ಒಂದನೆಯ ತರಗತಿಯ ಪುಸ್ತಕದಲ್ಲಿ ‘ಬರುತ್ತದೆ’ ಎಂಬುದನ್ನು ಎದುರಿಸುತ್ತವೆ. ಮನೆಯ ಮಾತು ಕೀಳು, ಪುಸ್ತಕದ್ದು ಮೇಲು ಎಂದು ಇದರ ಅರ್ಥವಲ್ಲ. ಆದರೆ ಪುಸ್ತಕದ ಮಾತು ಕಿವಿಗೆ ಬೀಳುವ ಮೊದಲೇ ಕಣ್ಣಿಗೆ ಬಿದ್ದರೆ ಮಗು ಒಂದೇ ಕಾಲಕ್ಕೆ ಎರಡು ಹೊಸ ವಿಷಯ ಕಲಿಯಬೇಕಾಗುತ್ತದೆ. ಎರಡು ಮೂರು ವರ್ಷದಿಂದಲೇ ದೊಡ್ಡವರು ಓದಿ ಹೇಳಿದ ಕಥೆಗಳನ್ನು ಕೇಳಿದ ಮಗುವಿಗೆ ‘ಬರುತ್ತದೆ’, ‘ಆದ್ದರಿಂದ’, ‘ಅಷ್ಟರಲ್ಲಿ’ ಎಲ್ಲ ಪರಿಚಿತ ಧ್ವನಿಗಳಾಗಿರುತ್ತವೆ. ಚಿತ್ರಪುಸ್ತಕಗಳಲ್ಲಿ ಬರುವ ಪದಗಳ ವೈವಿಧ್ಯ ನಾವು ಮಕ್ಕಳೊಡನೆ ಆಡುವ ದಿನನಿತ್ಯದ ಮಾತಿಗಿಂತ ಹೆಚ್ಚು ಎಂಬುದು ಇಂಗ್ಲಿಷ್ ಪುಸ್ತಕಗಳ ಅಧ್ಯಯನಗಳಿಂದ ಗೊತ್ತಾಗಿದೆ. ಕನ್ನಡದಲ್ಲೂ ಯಾವುದೇ ಮಕ್ಕಳ ಪುಸ್ತಕ ತೆರೆದು ನೋಡಿದರೆ ಇದು ಕಾಣುತ್ತದೆ. ‘ಬಾ, ಉಣ್ಣು, ಮಲಗು, ಮುಟ್ಟಬೇಡ’ ಎಂಬಷ್ಟರಲ್ಲೇ ದಿನ ಮುಗಿಯುವ ಮನೆಯಲ್ಲಿ ಗುಹೆ, ಮೊಸಳೆ, ದೋಣಿ, ಹೊಟ್ಟೆಕಿಚ್ಚು ಇವೆಲ್ಲ ಮಾತಿಗೆ ಬರುವುದು ಪುಸ್ತಕವೋ ಕಥೆಯೋ ಇದ್ದಾಗ ಮಾತ್ರ.

ಕೇಳಿಸಿಕೊಂಡರಷ್ಟೇ ಸಾಲದು, ಮಗು ತಿರುಗಿ ಮಾತಾಡಬೇಕು. ಅಮೆರಿಕದಲ್ಲಿ ರೇಚಲ್ ರೋಮಿಯೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 4ರಿಂದ 6 ವರ್ಷದ ಮಕ್ಕಳ ಮಿದುಳಿನ ಭಾಷೆಯ ಭಾಗದ ಚಟುವಟಿಕೆಗೆ ನಂಟು ಕಂಡದ್ದು ಮನೆಯಲ್ಲಿ ಮಗುವೂ ದೊಡ್ಡವರೂ ಸರದಿಯಂತೆ ಆಡಿದ ಮಾತಿನ ಜೊತೆ. ಕುಟುಂಬದ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ನಂಟು ಉಳಿಯಿತು. ಟಿವಿ ದಿನವಿಡೀ ಮಾತಾಡುತ್ತದೆ, ಆದರೆ ಮಗು ಕೊಟ್ಟ ಉತ್ತರಕ್ಕೆ ಅದು ಕಾಯುವುದಿಲ್ಲ. ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡಾಗ ತಾಯಿ, ತಂದೆ, ಅಜ್ಜಿ ಯಾರೇ ಆಗಲಿ ಕಾಯಲೇಬೇಕಾಗುತ್ತದೆ. ಪುಸ್ತಕದ ನಿಜವಾದ ಉಪಕಾರ ಇದೇ ಎಂದು ನನಗನ್ನಿಸುತ್ತದೆ: ದೊಡ್ಡವರನ್ನು ಐದು ನಿಮಿಷ ಒಂದೆಡೆ ಕೂರಿಸಿ ಮಗುವಿನ ಮಾತಿಗೆ ಕಿವಿಗೊಡುವಂತೆ ಮಾಡುತ್ತದೆ.

ಆಸ್ಪತ್ರೆಗೂ ಓದಿಗೂ ಏನು ಸಂಬಂಧ?

ಈ ಸಂಬಂಧವನ್ನು ಮೊದಲು ಗಟ್ಟಿಯಾಗಿ ಕಟ್ಟಿದ್ದು ಅಮೆರಿಕದ ಬಾಸ್ಟನ್ ಸಿಟಿ ಆಸ್ಪತ್ರೆಯ ಮಕ್ಕಳ ವೈದ್ಯರು ಮತ್ತು ಶಿಶು ಶಿಕ್ಷಣ ತಜ್ಞರು. ಬಡ ಕುಟುಂಬಗಳೇ ಹೆಚ್ಚಾಗಿ ಬರುತ್ತಿದ್ದ ಆ ಆಸ್ಪತ್ರೆಯಲ್ಲಿ 1989ರಲ್ಲಿ ‘ರೀಚ್ ಔಟ್ ಅಂಡ್ ರೀಡ್’ ಕಾರ್ಯಕ್ರಮ ಶುರುವಾಯಿತು. ಪದ್ಧತಿ ಸರಳ. ಮಗು ಆರನೆಯ ತಿಂಗಳಿಂದ ಐದನೆಯ ವರ್ಷದವರೆಗೆ ಪ್ರತಿ ಸಲ ಆರೋಗ್ಯ ತಪಾಸಣೆಗೆ ಬಂದಾಗ ವೈದ್ಯರು ವಯಸ್ಸಿಗೆ ತಕ್ಕ ಒಂದು ಹೊಸ ಪುಸ್ತಕವನ್ನು ಅದರ ಕೈಗೆ ಕೊಡುತ್ತಾರೆ, ಮನೆಯಲ್ಲಿ ಹೇಗೆ ಓದಬೇಕೆಂದು ಪೋಷಕರಿಗೆ ಒಂದೆರಡು ಮಾತು ಹೇಳುತ್ತಾರೆ, ಪುಸ್ತಕ ಮಗುವಿನ ಜೊತೆ ಮನೆಗೆ ಹೋಗುತ್ತದೆ. ಈಗ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಇದು ತಲುಪುತ್ತಿದೆ. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮಿನಲ್ಲಿ 1992ರಲ್ಲಿ 300 ಕೂಸುಗಳಿಂದ ಆರಂಭವಾದ ‘ಬುಕ್‌ಸ್ಟಾರ್ಟ್’ ಕೂಡ ಆರೋಗ್ಯ ಕಾರ್ಯಕರ್ತೆಯರ ಕೈಯಲ್ಲೇ ಪುಸ್ತಕ ಕಳಿಸಿತು. 2014ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ, ಓದಿಗೆ ಉತ್ತೇಜನ ಕೊಡುವುದು ಮಕ್ಕಳ ಪ್ರಾಥಮಿಕ ಚಿಕಿತ್ಸೆಯ ಅವಿಭಾಜ್ಯ ಭಾಗ ಎಂದು ಅಧಿಕೃತವಾಗಿ ಸಾರಿತು. 2024ರ ಪರಿಷ್ಕೃತ ಹೇಳಿಕೆ, ಹುಟ್ಟಿದಂದಿನಿಂದಲೇ ಮಗುವಿನ ಜೊತೆ ಓದಿ ಎಂದು ಹೇಳಿತು.

ಇದರಿಂದ ಉಪಯೋಗವಾಯಿತೇ? ಆಸ್ಪತ್ರೆಯಲ್ಲಿ ಪುಸ್ತಕವನ್ನೂ ಸಲಹೆಯನ್ನೂ ಪಡೆದ ಪೋಷಕರು ಮನೆಯಲ್ಲಿ ಮಕ್ಕಳಿಗೆ ಹೆಚ್ಚು ಓದುತ್ತಾರೆ ಎಂಬುದು ಅಧ್ಯಯನದಿಂದ ಅಧ್ಯಯನಕ್ಕೆ ಮರುಕಳಿಸಿದ ಫಲಿತಾಂಶ. ಹಲವು ಅಧ್ಯಯನಗಳಲ್ಲಿ ಮಕ್ಕಳ ಪದಸಂಪತ್ತೂ ಹೆಚ್ಚಿದ್ದು ಕಂಡಿತು. ಇಲ್ಲಿ ಎರಡು ಆಕ್ಷೇಪಗಳಿವೆ, ಎರಡೂ ನ್ಯಾಯವಾದವು. ಎಷ್ಟು ಓದುತ್ತೇವೆ ಎಂದು ಹೇಳಿದವರು ಪೋಷಕರೇ, ಅವರು ಸ್ವಲ್ಪ ಹೆಚ್ಚಿಸಿ ಹೇಳಿರಬಹುದು. ಭಾಷೆಯ ಮೇಲಿನ ಪರಿಣಾಮ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಸಿಕ್ಕಿಲ್ಲ. ನಿಜ. ವರ್ಷಕ್ಕೆ ಒಂದೆರಡು ಪುಸ್ತಕ ಕೈಗಿಟ್ಟ ಮಾತ್ರಕ್ಕೆ ಎಲ್ಲ ಆಗಿಬಿಡುವುದಿಲ್ಲ. ಆದರೆ ಹೇಗೆ ಓದಬೇಕೆಂದು ತಾಯಂದಿರಿಗೆ ತೋರಿಸಿಕೊಟ್ಟ ಪ್ರಯೋಗಗಳಲ್ಲಿ ಫಲ ಇನ್ನೂ ಸ್ಪಷ್ಟವಾಗಿದೆ. ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರ 1988ರ ಪ್ರಯೋಗದಲ್ಲಿ ಎರಡು ಗುಂಪಿನ ಪೋಷಕರು ಒಂದು ತಿಂಗಳು ಎರಡು ಮೂರು ವರ್ಷದ ಮಕ್ಕಳಿಗೆ ಸರಿಸುಮಾರು ಸಮನಾದಷ್ಟು ಸಲ ಓದಿದರು. ಒಂದು ಗುಂಪು ತನಗೆ ತೋಚಿದಂತೆ ಓದಿತು; ಇನ್ನೊಂದು ಗುಂಪು ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ಬೆಳೆಸಿ ಓದಿತು. ತಿಂಗಳ ಕೊನೆಗೆ ಮಾತಾಡುವುದರಲ್ಲಿ ಎರಡನೆಯ ಗುಂಪಿನ ಮಕ್ಕಳು ಎದ್ದು ಕಾಣುವಷ್ಟು ಮುಂದಿದ್ದರು. ದಕ್ಷಿಣ ಆಫ್ರಿಕದ ಕೇಪ್‌ಟೌನ್ ಬಳಿಯ ಖಾಯೆಲಿಟ್ಶಾ ಬಡ ಬಡಾವಣೆಯಲ್ಲಿ ಒಂದೂಕಾಲು ವರ್ಷದ ಆಸುಪಾಸಿನ ಕೂಸುಗಳ ತಾಯಂದಿರಿಗೆ ಇದೇ ಬಗೆಯ ತರಬೇತಿ ಕೊಟ್ಟಾಗಲೂ ಕೂಸುಗಳ ಭಾಷೆ, ಗಮನ ಎರಡೂ ಸುಧಾರಿಸಿದವು.

ಯಾವ ವಯಸ್ಸಿಗೆ ಏನು?

ನಮ್ಮ ರಾಷ್ಟ್ರೀಯ ಲಸಿಕಾ ಪಟ್ಟಿಯನ್ನೇ ಪಂಚಾಂಗ ಮಾಡಿಕೊಳ್ಳಿ. ಹುಟ್ಟಿದಾಗ, 6, 10, 14ನೆಯ ವಾರ, 9 ತಿಂಗಳು ತುಂಬಿದ ಮೇಲೆ, 16ರಿಂದ 24 ತಿಂಗಳೊಳಗೆ, ಮತ್ತೆ 5 ವರ್ಷಕ್ಕೆ ಹೇಗೂ ಮಗುವನ್ನು ಕರೆದುಕೊಂಡು ಹೋಗುತ್ತೀರಿ. ಆಯಾ ಭೇಟಿಗೆ ಆಯಾ ಹೆಜ್ಜೆ.

1. ಮೊದಲ ಮೂರೂವರೆ ತಿಂಗಳು: ಪುಸ್ತಕದ ಅವಸರವಿಲ್ಲ, ಮಾತು ಬೇಕು. ಎಣ್ಣೆ ಹಚ್ಚುವಾಗ, ನೀರೆರೆಯುವಾಗ, ಹಾಲೂಡಿಸುವಾಗ ಏನು ಮಾಡುತ್ತಿದ್ದೀರೆಂದು ಹೇಳುತ್ತಾ ಹೋಗಿ. ಮಗು ‘ಊ’ ಎಂದರೆ ನೀವೂ ‘ಊ’ ಎನ್ನಿ, ಒಂದು ಕ್ಷಣ ನಿಲ್ಲಿ, ಮತ್ತೆ ಅದರ ಸರದಿ. ಬಾಣಂತಿ ಕೋಣೆಯಲ್ಲಿ ಅಜ್ಜಿಯರು ಹಾಡುವ ಜೋಗುಳ, ಹೇಳುವ ಶಿಶುಪ್ರಾಸ ಇದೇ ಕೆಲಸ ಮಾಡುತ್ತವೆ. ಅವನ್ನು ಹಳೆಯ ಕಾಲದ್ದು ಎಂದು ತಳ್ಳಬೇಡಿ.

2. ಆರರಿಂದ ಒಂಬತ್ತು ತಿಂಗಳು: ದಪ್ಪ ರಟ್ಟಿನ ಪುಟಗಳ ಪುಸ್ತಕ ಕೊಡಿ, ಒಂದು ಪುಟಕ್ಕೆ ಒಂದು ದೊಡ್ಡ ಚಿತ್ರ ಸಾಕು. ಮಗು ಅದನ್ನು ಬಾಯಿಗೆ ಹಾಕಿಕೊಳ್ಳುತ್ತದೆ, ಬಡಿಯುತ್ತದೆ, ಎಸೆಯುತ್ತದೆ. ಈ ವಯಸ್ಸಿನಲ್ಲಿ ಪುಸ್ತಕವನ್ನು ತಿಳಿದುಕೊಳ್ಳುವ ರೀತಿಯೇ ಅದು. ಕಿತ್ತುಕೊಂಡು ಮೇಲಿಡಬೇಡಿ, ಒರೆಸಿ ಮತ್ತೆ ಕೊಡಿ.

3. ಒಂದರಿಂದ ಒಂದೂವರೆ ವರ್ಷ: ಮಗು ಪುಸ್ತಕವನ್ನು ತಂದು ನಿಮ್ಮ ಕೈಗೆ ಕೊಡಬಹುದು, ಚಿತ್ರದ ಮೇಲೆ ಬೆರಳಿಡಬಹುದು. ಅದು ಬೆರಳಿಟ್ಟಿದ್ದರ ಹೆಸರು ಹೇಳಿ. ಎರಡು ನಿಮಿಷಕ್ಕೆ ಎದ್ದು ಹೋದರೆ ಹೋಗಲಿ, ಎಳೆದು ಕೂರಿಸಬೇಡಿ.

4. ಒಂದೂವರೆಯಿಂದ ಮೂರು ವರ್ಷ: ಎಲ್ಲಕ್ಕಿಂತ ಮುಖ್ಯವಾದ ಹಂತ. ಮಾತು ಧಾರಾಳವಾಗಿ ಬೆಳೆಯುವ ಕಾಲ. ದಿನಕ್ಕೆ ಒಂದು ಸಲವಾದರೂ, ಮಲಗುವ ಮೊದಲು ಇಟ್ಟುಕೊಂಡರೆ ರೂಢಿಯಾಗುತ್ತದೆ, ಹತ್ತು ನಿಮಿಷ ಪುಸ್ತಕದೊಡನೆ ಮಾತು. ಅದೇ ಪುಸ್ತಕವನ್ನು ಇಪ್ಪತ್ತನೆಯ ಸಲ ತಂದರೂ ಓದಿ. ನಿಮಗೆ ಬೇಸರವಾಗಬಹುದು, ಮಗುವಿಗೆ ಮಾತು ಊರುವುದು ಆ ಮರುಕಳಿಕೆಯಲ್ಲೇ.

5. ಮೂರರಿಂದ ಐದು ವರ್ಷ: ‘ಆಮೇಲೆ ಏನಾಯ್ತು?’, ‘ಅವನು ಯಾಕೆ ಅತ್ತ?’ ಎಂದು ಕೇಳಿ, ಕಥೆಯನ್ನು ಮಗುವೇ ಹೇಳಲಿ. ಪ್ರಾಸದ ಪದಗಳ ಆಟ ಆಡಿ. ಅಕ್ಷರದ ಬಗ್ಗೆ ಮಗು ಕೇಳಿದರೆ ಹೇಳಿ. ತನ್ನ ಹೆಸರಿನ ಮೊದಲ ಅಕ್ಷರವನ್ನು ಪುಸ್ತಕದಲ್ಲಿ ಕಂಡರೆ ಅದು ತಾನಾಗಿ ತೋರಿಸುತ್ತದೆ.

ಹೇಗೆ ಓದಬೇಕು ಎಂಬುದನ್ನು ಒಂದು ಪುಟದಲ್ಲೇ ನೋಡೋಣ. ಪುಟದಲ್ಲಿ ಹಸು, ಪಕ್ಕದಲ್ಲಿ ಅದರ ಕರು. ಎರಡು ವರ್ಷದ ಮಗುವಿಗೆ ‘ಇದು ಯಾರು ಪುಟ್ಟಾ?’ ಎಂದು ಕೇಳಿ, ಕಾಯಿರಿ. ಮನಸ್ಸಿನಲ್ಲೇ ಐದು ಎಣಿಸುವಷ್ಟು ಹೊತ್ತು ನಿಜವಾಗಿಯೂ ಕಾಯಿರಿ. ಮಗು ‘ಅಂಬಾ’ ಎನ್ನುತ್ತದೆ. ‘ಹೌದು, ಹಸು ಅಂಬಾ ಅನ್ನುತ್ತೆ. ನೋಡು, ಹಸು ಕರುಗೆ ಹಾಲು ಕೊಡ್ತಿದೆ.’ ಮಗು ‘ಹಾಲು’ ಎನ್ನುತ್ತದೆ. ‘ಹೂಂ, ಕರು ಹಾಲು ಕುಡೀತಿದೆ. ಕರು ಏನು ಮಾಡ್ತಿದೆ?’ ಈಗ ಮಗು ‘ಹಾಲು ಕುಡೀತಿದೆ’ ಎನ್ನಲು ಯತ್ನಿಸುತ್ತದೆ. ಇಲ್ಲಿ ಆದದ್ದಿಷ್ಟು: ನೀವು ಕೇಳಿದಿರಿ, ಮಗುವಿನ ಉತ್ತರವನ್ನು ಒಪ್ಪಿಕೊಂಡಿರಿ, ಅದಕ್ಕೆ ಒಂದೆರಡು ಪದ ಸೇರಿಸಿದಿರಿ, ಆ ಸೇರ್ಪಡೆಯನ್ನು ಮಗುವಿನ ಬಾಯಲ್ಲಿ ಬರಿಸಿದಿರಿ. ಒಂದು ಪದದ ಮಾತು ಎರಡು ಪದದ ಮಾತಾಯಿತು. ಪುಟದಲ್ಲಿ ಅಚ್ಚಾದ ಸಾಲನ್ನು ನೀವು ಓದಿಯೇ ಇಲ್ಲ, ಆದರೂ ಪುಸ್ತಕದ ಕೆಲಸ ಆಗಿದೆ. ನಿಮ್ಮ ಸೀಮೆಯ ಮಾತಿನಲ್ಲೇ ಇದನ್ನು ಮಾಡಿ. ಅಚ್ಚಾದ ಸಾಲನ್ನು ಓದುವಾಗ ಮಾತ್ರ ಇದ್ದಂತೆಯೇ ಓದಿ. ಎರಡೂ ಕನ್ನಡ ಮಗುವಿನ ಕಿವಿಗೆ ಬೀಳಲಿ.

‘ನಮಗೇ ಓದಲು ಬರೋದಿಲ್ಲ’

ಇದು ಅತಿ ದೊಡ್ಡ ಆಕ್ಷೇಪ, ಮತ್ತು ಈ ಮಾತಿಗೆ ಹೆದರಿಯೇ ನಮ್ಮ ಎಷ್ಟೋ ಆರೋಗ್ಯ ಕಾರ್ಯಕ್ರಮಗಳು ಪುಸ್ತಕವನ್ನು ಕೈಬಿಟ್ಟಿವೆ ಎಂದು ತೋರುತ್ತದೆ. ಬ್ರೆಜಿಲಿನ ಬೋವಾ ವಿಸ್ಟಾ ನಗರದ ಶಿಶುಪಾಲನಾ ಕೇಂದ್ರಗಳಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಬಡ ಕುಟುಂಬಗಳಿಗೆ ಚಿತ್ರಪುಸ್ತಕಗಳನ್ನು ಎರವಲು ಕೊಟ್ಟು, ಮಗುವಿನೊಡನೆ ಹೇಗೆ ಓದಬೇಕೆಂದು ಪೋಷಕರಿಗೆ ತರಬೇತಿ ನಡೆಸಿದರು. ಮಕ್ಕಳ ಪದಸಂಪತ್ತೂ ಬುದ್ಧಿಶಕ್ತಿಯ ಅಂಕಗಳೂ ಏರಿದವು. ಓದು ಬರಹ ಕಡಿಮೆ ಬಲ್ಲ ಪೋಷಕರ ಮಕ್ಕಳಿಗೂ ಪ್ರಯೋಜನ ಸಿಕ್ಕಿತು. ಚಿತ್ರ ನೋಡಿ ಕಥೆ ಹೇಳಲು ಅಕ್ಷರ ಬೇಕಿಲ್ಲ. ಜನಪದ ಕಥೆ, ಒಗಟು, ಗಾದೆಗಳ ಖಜಾನೆ ಇರುವ ನಮ್ಮ ಅಜ್ಜಿಯರಿಗೆ ಹಸುವಿನ ಚಿತ್ರದ ಮೇಲೆ ಕಾಲು ಗಂಟೆ ಮಾತಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅವರ ಕೈಗೆ ಪುಸ್ತಕ ಕೊಟ್ಟು, ನೀವು ಮಾಡುವುದು ದೊಡ್ಡ ಕೆಲಸ ಎಂದು ಯಾರಾದರೂ ಹೇಳಬೇಕು ಅಷ್ಟೆ. ಆ ಮಾತು ಬಿಳಿ ಕೋಟು ಹಾಕಿದವರ ಬಾಯಿಂದ ಬಂದರೆ ಅದಕ್ಕೆ ತೂಕ ಹೆಚ್ಚು.

ಎರಡನೆಯ ಆಕ್ಷೇಪ: ಹೊಟ್ಟೆಗೆ ಸಾಲದ ಮಗುವಿಗೆ ಪುಸ್ತಕವೇ? ಜಮೈಕಾದ ಕಿಂಗ್ಸ್ಟನ್ನಿನಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು 1986–87ರಲ್ಲಿ ಆರಂಭಿಸಿದ ಅಧ್ಯಯನವನ್ನು ನೋಡಿ. ಅಪೌಷ್ಟಿಕತೆಯಿಂದ ಕುಳ್ಳಾಗಿದ್ದ, 9ರಿಂದ 24 ತಿಂಗಳ 129 ಮಕ್ಕಳಲ್ಲಿ ಕೆಲವರಿಗೆ ಪೂರಕ ಆಹಾರ, ಕೆಲವರಿಗೆ ಆಟ ಮತ್ತು ಮಾತಿನ ಪ್ರೋತ್ಸಾಹ, ಕೆಲವರಿಗೆ ಎರಡೂ ಸಿಕ್ಕವು. ಪ್ರೋತ್ಸಾಹ ಕೊಟ್ಟವರು ವಾರಕ್ಕೊಂದು ಗಂಟೆ ಮನೆಗೆ ಬಂದ ಸಮುದಾಯ ಆರೋಗ್ಯ ಸಹಾಯಕಿಯರು. ಬಳಸಿದ್ದು ಕೈಯಿಂದ ಮಾಡಿದ ಆಟಿಕೆ, ಪುಸ್ತಕ. ಇಪ್ಪತ್ತು ವರ್ಷದ ಬಳಿಕ ನೋಡಿದಾಗ ಆಟ, ಮಾತಿನ ಪ್ರೋತ್ಸಾಹ ಪಡೆದವರ ಗಳಿಕೆ ಉಳಿದವರಿಗಿಂತ ಶೇಕಡ 25ರಷ್ಟು ಹೆಚ್ಚಿತ್ತು. ಆಹಾರ ಬೇಡವೆಂದು ಇದರಿಂದ ತಿಳಿಯಬಾರದು. ಮೊಟ್ಟೆ, ಹಾಲು ಕೊಡುವ ಕೈಯಲ್ಲೇ ಪುಸ್ತಕವನ್ನೂ ಕೊಡಬಹುದು.

ಮೂರನೆಯದು ವೈದ್ಯರದು: ಓಪಿಡಿಯಲ್ಲಿ ಸಾಲು ಹೊರಗಿನವರೆಗೆ ನಿಂತಿರುವಾಗ ಪುಸ್ತಕದ ಮಾತಿಗೆ ಸಮಯವೆಲ್ಲಿ? ಸಮಯದ ಕೊರತೆ ಸುಳ್ಳಲ್ಲ. ಆದರೆ ತಪಾಸಣೆ ಮುಗಿದ ಮೇಲೆ ಕೊಡುವ ಉಡುಗೊರೆಯಾಗಿ ನೋಡಿದರೆ ಮಾತ್ರ ಪುಸ್ತಕಕ್ಕೆ ಬೇರೆ ಸಮಯ ಬೇಕು. ಕೋಣೆಗೆ ಬಂದೊಡನೆ ಒಂಬತ್ತು ತಿಂಗಳ ಮಗುವಿನ ಮುಂದೆ ಪುಸ್ತಕ ಹಿಡಿಯಿರಿ. ಅದು ಕಣ್ಣಿಟ್ಟು ನೋಡುತ್ತದೆಯೇ, ಕೈ ಚಾಚುತ್ತದೆಯೇ, ಎರಡೂ ಕೈಯಲ್ಲಿ ಹಿಡಿಯುತ್ತದೆಯೇ, ತಾಯಿ ಹೆಸರು ಹಿಡಿದು ಕರೆದಾಗ ತಿರುಗುತ್ತದೆಯೇ, ತಾಯಿಯೂ ಮಗುವೂ ಒಂದೇ ಚಿತ್ರವನ್ನು ನೋಡುತ್ತಾರೆಯೇ ಎಂಬುದೆಲ್ಲ ಅರ್ಧ ನಿಮಿಷದಲ್ಲಿ ಕಾಣುತ್ತದೆ. ದೃಷ್ಟಿ, ಶ್ರವಣ, ಬೆರಳ ಹಿಡಿತ, ಒಡನಾಟ ನಾಲ್ಕನ್ನೂ ಒಂದೇ ಹೊತ್ತಿಗೆ ತೋರಿಸುವ ಸಾಧನ ವೈದ್ಯರ ಮೇಜಿನ ಮೇಲೆ ಹೆಚ್ಚಿಲ್ಲ.

ಸಾಮಾನ್ಯ ತಪ್ಪುಗಳು

ಮೂರು ವರ್ಷಕ್ಕೇ ಸ್ಲೇಟು ಹಿಡಿಸಿ ಅಕ್ಷರ ತಿದ್ದಿಸುವುದು ನಮ್ಮಲ್ಲಿ ಬಲು ಸಾಮಾನ್ಯ. ಮಗು ತಿದ್ದಬಹುದು, ನೆಂಟರ ಮುಂದೆ ಒಪ್ಪಿಸಲೂಬಹುದು; ಓದಿಗೆ ಬೇಕಾದ ಮಾತು ಅದರಿಂದ ಬೆಳೆಯುವುದಿಲ್ಲ. ಅಕ್ಷರದ ಜೊತೆ ಗದರಿಕೆ ಸೇರಿಕೊಂಡರೆ ಪುಸ್ತಕ ಕಂಡರೆ ಓಡುವ ಅಭ್ಯಾಸವೂ ಅಲ್ಲಿಂದಲೇ ಬರುತ್ತದೆ. ಪುಸ್ತಕವನ್ನು ಪರೀಕ್ಷೆ ಮಾಡುವುದು ಇದರ ಇನ್ನೊಂದು ರೂಪ: ‘ಇದೇನು? ಅದೇನು? ನಿನ್ನೆ ಹೇಳಿಕೊಟ್ಟಿದ್ದೆನಲ್ಲ?’ ಎಂದು ಪುಟಪುಟಕ್ಕೂ ಕೇಳುವುದು. ಉತ್ತರ ಬಾರದಿದ್ದರೆ ನೀವೇ ಹೇಳಿ ಮುಂದೆ ಹೋಗಿ.

ಮನೆಮಾತು ಬಿಟ್ಟು ಅರೆಬರೆ ಇಂಗ್ಲಿಷಿನಲ್ಲಿ ಮಾತಾಡುವುದು ನಗರದ ಮನೆಗಳ ದೊಡ್ಡ ತಪ್ಪು. ‘ಕೌ ನೋಡು, ಡಾಗ್ ನೋಡು’ ಎಂದು ಹೆಸರು ಕಲಿಸಬಹುದು, ಆದರೆ ಹಸು ಯಾಕೆ ಕರುವನ್ನು ನೆಕ್ಕುತ್ತಿದೆ ಎಂದು ವಿವರಿಸಲು ಪೋಷಕರಿಗೆ ತಮಗೆ ಚೆನ್ನಾಗಿ ಬರುವ ಭಾಷೆಯೇ ಬೇಕು. ತುಳು, ಕೊಂಕಣಿ, ಉರ್ದು, ಲಂಬಾಣಿ ಮನೆಮಾತಾದವರಿಗೂ ಇದೇ ಮಾತು. ಒಂದು ಭಾಷೆಯಲ್ಲಿ ಗಟ್ಟಿಯಾದ ಮಗು ಎರಡನೆಯದನ್ನು ಅದರ ಮೇಲೆ ಕಟ್ಟಿಕೊಳ್ಳುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಮಕ್ಕಳ ವೈದ್ಯರು ಇಂಗ್ಲಿಷ್ ಪುಸ್ತಕ ಕೊಟ್ಟರೆ ಚಿಂತೆಯಿಲ್ಲ, ಚಿತ್ರ ನೋಡುತ್ತಾ ಕನ್ನಡದಲ್ಲೇ ಮಾತಾಡಿ.

ಇನ್ನು ಮೊಬೈಲ್. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ ಎರಡು ವರ್ಷದೊಳಗಿನ ಮಕ್ಕಳಿಗೆ, ಬಂಧುಗಳ ಜೊತೆಗಿನ ವಿಡಿಯೊ ಕರೆ ಬಿಟ್ಟರೆ, ಪರದೆ ಬೇಡವೇ ಬೇಡ ಎನ್ನುತ್ತದೆ. ಎರಡರಿಂದ ಐದು ವರ್ಷಕ್ಕೆ ದಿನಕ್ಕೆ ಒಂದು ಗಂಟೆ ದಾಟದಂತೆ, ದೊಡ್ಡವರ ಜೊತೆಯಲ್ಲಿ. ಕಥೆ ಹೇಳುವ ವಿಡಿಯೊ ಹಾಕಿಕೊಟ್ಟರೆ ಓದಿದಂತೆ ಆಗುವುದಿಲ್ಲ. ಪುಸ್ತಕ ಕೊಳ್ಳಲು ಕಷ್ಟವೆನ್ನುವವರಿಗೆ ದಾರಿಗಳಿವೆ: ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಕಡಿಮೆ ಬೆಲೆಯಲ್ಲಿ ಕನ್ನಡದ ಮಕ್ಕಳ ಪುಸ್ತಕ ತರುತ್ತವೆ, ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಹಳೆಯ ಕ್ಯಾಲೆಂಡರಿನ ಹಾಳೆಗೆ ಪತ್ರಿಕೆಯ ಚಿತ್ರಗಳನ್ನು ಅಂಟಿಸಿ ಹೊಲಿದ ಪುಸ್ತಕವೂ ಎರಡು ವರ್ಷದ ಮಗುವಿಗೆ ಪೂರ್ತಿ ಪುಸ್ತಕವೇ.

ಎಚ್ಚರ

‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು’ ಎಂದು ಕಾಯುತ್ತಾ ಕೂರಬೇಡಿ. ಒಂದು ವರ್ಷವಾದರೂ ತೊದಲದ, ಬೆರಳಿಟ್ಟು ತೋರಿಸದ, ಕೈಬೀಸದ ಮಗು. ಹದಿನಾರು ತಿಂಗಳಾದರೂ ಒಂದು ಪದವನ್ನೂ ಆಡದ ಮಗು. ಎರಡು ವರ್ಷವಾದರೂ ತಾನಾಗಿ ಎರಡು ಪದ ಸೇರಿಸದ ಮಗು. ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ನಿಂತುಹೋದ ಮಗು: ಇವರನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು. ಮೊದಲು ಶ್ರವಣ ಪರೀಕ್ಷೆಯಾಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಉಚಿತ, ಹೆಚ್ಚಿನ ನೆರವಿಗೆ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಎಂಬ ಶೀಘ್ರ ಮಧ್ಯಪ್ರವೇಶ ಕೇಂದ್ರಗಳಿವೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸ ಮಾಡುತ್ತಿದೆ. ಪುಸ್ತಕ ಓದುವುದು ಮಾತಿನ ತೊಂದರೆಗೆ ಚಿಕಿತ್ಸೆಯಲ್ಲ. ತೊಂದರೆಯನ್ನು ಬೇಗ ಗುರುತಿಸಲು ಅದು ನೆರವಾಗುತ್ತದೆ.

ಸರ್ಕಾರ ಮಾಡಬಹುದಾದ್ದು

ಕಾಗದದ ಮೇಲೆ ನಮ್ಮ ನೀತಿ ಹಿಂದುಳಿದಿಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾದ ಅಂಗನವಾಡಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಟಿ. ನರಸೀಪುರಕ್ಕೆ, ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 2018ರಿಂದ ಆಶಾ ಕಾರ್ಯಕರ್ತೆಯರು 3, 6, 9, 12, 15ನೆಯ ತಿಂಗಳಲ್ಲಿ ಕೂಸಿನ ಮನೆಗೆ ಹೋಗುವ ವ್ಯವಸ್ಥೆ ಇದೆ, ಮಗುವಿನ ಬೆಳವಣಿಗೆಯ ಸಲಹೆ ಕೊಡುವುದೂ ಆ ಭೇಟಿಯ ಭಾಗ. 2021ರಲ್ಲಿ ಮಕ್ಕಳ ಬುನಾದಿ ಓದು, ಬರಹ, ಲೆಕ್ಕಕ್ಕೆಂದು ನಿಪುಣ್ ಭಾರತ್ ಬಂತು. ಹುಟ್ಟಿನಿಂದ ಮೂರು ವರ್ಷದವರಿಗೆ ‘ನವಚೇತನಾ’ ಎಂಬ ರಾಷ್ಟ್ರೀಯ ಚೌಕಟ್ಟು 2024ರಲ್ಲಿ ಬಂತು. ಗ್ರಾಮೀಣ ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ‘ಕೂಸಿನ ಮನೆ’ಗಳನ್ನು ತೆರೆದಿದೆ. ಭೇಟಿಯ ದಿನ ಗೊತ್ತು, ಹೋಗುವ ಜನ ಗೊತ್ತು, ಮಗು ಯಾವುದೆಂದು ಗೊತ್ತು. ಇಲ್ಲದಿರುವುದು ಪುಸ್ತಕ, ಮತ್ತು ಅದನ್ನು ಹೇಗೆ ಬಳಸಬೇಕೆಂದು ತೋರಿಸುವ ಒಂದು ನಿಮಿಷ. ಒಂದು ಮಗುವಿಗೆ ಐದು ವರ್ಷದಲ್ಲಿ ಐದಾರು ಪುಸ್ತಕ, ತಾಯಿ ಕಾರ್ಡಿನಲ್ಲಿ ‘ಪುಸ್ತಕ ಕೊಟ್ಟಿದೆ, ಓದುವ ಬಗೆ ತೋರಿಸಿದೆ’ ಎಂದು ಗುರುತು ಹಾಕಲು ಒಂದು ಖಾನೆ, ಆಶಾ ತರಬೇತಿಯಲ್ಲಿ ಅರ್ಧ ದಿನ. ಇದಕ್ಕಾಗಿ ಹೊಸ ಇಲಾಖೆ ಬೇಕಿಲ್ಲ. ಆಶಾ ಕಾರ್ಯಕರ್ತೆಯರ ಮೇಲೆ ಈಗಲೇ ಹೊರೆ ಹೆಚ್ಚು, ಗೌರವಧನ ಕಡಿಮೆ ಎಂಬುದು ನಿಜ. ಹಾಗಾಗಿ ಈ ಕೆಲಸಕ್ಕೆ ಪ್ರೋತ್ಸಾಹಧನವನ್ನೂ ಸೇರಿಸಿಯೇ ಯೋಜನೆ ಮಾಡಬೇಕು, ಪುಕ್ಕಟೆ ಹೊರಿಸಬಾರದು.

ರಾಜ್ಯ ಮಟ್ಟದಲ್ಲಿ ಇದು ಆಗುವವರೆಗೆ ಊರಿನ ಮಟ್ಟದಲ್ಲಿ ಶುರುಮಾಡಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಿಂದ, ಇಪ್ಪತ್ತು ಚಿತ್ರಪುಸ್ತಕಗಳ ಒಂದು ಪೆಟ್ಟಿಗೆಯನ್ನು ಲಸಿಕೆ ಹಾಕುವ ದಿನ ಅಂಗನವಾಡಿಗೆ ಕಳಿಸಿದರೆ ತಾಯಂದಿರು ಎರವಲು ಒಯ್ದು ಮುಂದಿನ ಸಲ ತರಬಹುದು. ಮುಂದಿನ ಲಸಿಕೆಯ ದಿನ ನಿಮ್ಮ ಮಕ್ಕಳ ವೈದ್ಯರನ್ನೋ ನರ್ಸನ್ನೋ ‘ಈ ವಯಸ್ಸಿಗೆ ಯಾವ ಪುಸ್ತಕ, ಹೇಗೆ ಓದಬೇಕು?’ ಎಂದು ಬಾಯಿಬಿಟ್ಟು ಕೇಳಿ. ಪುಸ್ತಕದ ಪೆಟ್ಟಿಗೆಗಾಗಿ ನಿಮ್ಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಒಂದು ಅರ್ಜಿ ಬರೆದು ಕೊಡಿ, ನಡಾವಳಿಯಲ್ಲಿ ಅದು ದಾಖಲಾಯಿತೇ ಎಂದು ನೋಡಿಕೊಂಡೇ ಬನ್ನಿ.